ಜಾತಕದ ಫ್ಲಾಪಿ

ನಮ್ಮ ಆಫೀಸಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕಾಗಿತ್ತು. ಧೂಳು ಬಿದ್ದರೆ ಮೆಷಿನ್ ಕೆಡುತ್ತದೆ ಎಂದು ಮ್ಯಾನೇಜರರ ಕಟ್ಟಪ್ಪಣೆ. ಬಾಗಿಲ ಬಳಿ ಕಾಲೊರೆಸಲು ಗೋಣಿ, ಒಳಗೆ ಏಸಿ, ಕಿಟಕಿಗೆ ದಪ್ಪ ಪರದೆ, ಸಂಜೆ ಹೊರಡುವಾಗ ಮೆಷಿನ್ನಿಗೆ ಪ್ಲಾಸ್ಟಿಕ್ ಹೊದಿಕೆ. ಬಾಣಂತಿ ಕೋಣೆಗೂ ಇಷ್ಟು ಮಡಿ ಇರಲಿಕ್ಕಿಲ್ಲ. ಆದರೆ ಅಷ್ಟೆಲ್ಲ ಮಡಿಯ ನಡುವೆ ನನ್ನ ಪರ್ಸಿನಲ್ಲಿ ಏನಿದೆ ಎಂದು ಒಬ್ಬರೂ, ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅವರ ಮೇಲೆ ರೇಗುತ್ತೇನೆ. ತಪ್ಪು ನನ್ನದು, ಸಿಟ್ಟು ಅವರ ಮೇಲೆ. ನನ್ನ ಸ್ವಭಾವವೇ ಹಾಗೆ.

ಆಫೀಸು ಬೊಂಬಾಯಿಯ ವಿಲೆ ಪಾರ್ಲೆಯಲ್ಲಿ, ಏರ್‌ಪೋರ್ಟಿಗೆ ಹತ್ತಿರ. ಗಲ್ಫಿಗೆ ಕೆಲಸಕ್ಕೆ ಹೋಗುವವರಿಗೆ ವೀಸಾ, ಟಿಕೆಟ್ಟು ಮಾಡಿಸಿಕೊಡುವ ಕೆಲಸ. ಇದ್ದದ್ದು ಒಂದೇ ಒಂದು ಕಂಪ್ಯೂಟರು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುವಂಥದ್ದು. ಅದನ್ನು ಮುಟ್ಟುವ ಅಧಿಕಾರ ನನಗೆ ಮಾತ್ರ. ಟೈಪಿಂಗ್ ಕಲಿತವಳು, ಮೇಲೆ ಆರು ತಿಂಗಳ ಕಂಪ್ಯೂಟರ್ ಕ್ಲಾಸು ಮಾಡಿದವಳು ಎಂದು ನನಗೆ ಸ್ವಲ್ಪ ಕೋಡು ಮೂಡಿತ್ತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪವಲ್ಲ, ಚೆನ್ನಾಗಿಯೇ ಮೂಡಿತ್ತು.

ಇದ್ದದ್ದು ಸಯನ್ನಿನಲ್ಲಿ, ಅಕ್ಕನ ಮನೆಯಲ್ಲಿ. ಬೆಳಿಗ್ಗೆ ಲೋಕಲ್ ಹಿಡಿದು ದಾದರಿಗೆ, ಅಲ್ಲಿ ಬ್ರಿಡ್ಜ್ ಹತ್ತಿ ಇಳಿದು ವೆಸ್ಟರ್ನ್ ಲೈನಿನ ಗಾಡಿ. ನಾವು ಉಡುಪಿ ಕಡೆಯವರು. ಭಾವ ಮೊದಲು ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಗಿದ್ದರು. ಆಮೇಲೆ ನಮ್ಮ ಆಫೀಸಿನ ಮೂಲಕವೇ ಕುವೈತಿಗೆ ಹೋದರು. ಅವರ ಕಾಗದಪತ್ರವನ್ನೆಲ್ಲ ಟೈಪ್ ಮಾಡಿದವಳು ನಾನೇ. ಅಲ್ಲಿ ಹೋಟೆಲಿನ ಮಾಲೀಕ ಕೆಲಸಗಾರರ ಪಾಸ್‌ಪೋರ್ಟುಗಳನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಾನೆ ಎಂದು ಭಾವ ಪತ್ರದಲ್ಲಿ ಬರೆದಿದ್ದರು. ಇಲ್ಲಿ ಎಲ್ಲರದ್ದೂ ಹಾಗೆಯೇ, ಹೆದರಬೇಡಿ, ಎಂದೂ ಸೇರಿಸಿದ್ದರು. ನಾವು ಹೆದರಲಿಲ್ಲ.

ತೊಂಬತ್ತನೇ ಇಸವಿಯ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಪಕ್ಕದ ಕುವೈತಿಗೆ ನುಗ್ಗಿತು. ಒಂದೇ ದಿನದಲ್ಲಿ ಫೋನ್ ಸತ್ತಿತು. ಅಕ್ಕ ಬೆಳಿಗ್ಗೆ ರೇಡಿಯೋ ಹಾಕಿದರೆ ರಾತ್ರಿ ಮಲಗುವವರೆಗೆ ಆರಿಸುತ್ತಿರಲಿಲ್ಲ. ತೈಲದ ಬೆಲೆ, ಅಮೆರಿಕದ ಹಡಗುಗಳು, ನಮ್ಮ ಸರ್ಕಾರ ಯಾರ ಕಡೆ ಮಾತಾಡಬೇಕು ಎಂಬ ಚರ್ಚೆ, ಎಲ್ಲ ಬರುತ್ತಿತ್ತು. ಅಡುಗೆ ಮಾಡುವ ಒಬ್ಬ ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂಬುದು ಮಾತ್ರ ಬರುತ್ತಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಇಲ್ಲಿ ಜಗಳ ಅಕ್ಕಪಕ್ಕದ ಮನೆಯವರದ್ದು, ಬಡವಾದ ಕೂಸು ಮಾತ್ರ ನಮ್ಮದು.

ಸ್ವಲ್ಪ ದಿನಕ್ಕೆ ಜನರನ್ನು ವಿಮಾನದಲ್ಲಿ ತರುವ ಕೆಲಸ ಶುರುವಾಯಿತು. ಕುವೈತಿನಿಂದ ಬಸ್ಸು, ಲಾರಿ ಹಿಡಿದು ಮರುಭೂಮಿ ದಾಟಿ ಜೋರ್ಡಾನಿಗೆ ಬರಬೇಕು. ಅಲ್ಲಿ ಗುಡಾರದಲ್ಲಿ ಕಾಯಬೇಕು. ಅಲ್ಲಿಂದ ಬೊಂಬಾಯಿಗೆ ವಿಮಾನ. ಪಾಸ್‌ಪೋರ್ಟ್ ಇದ್ದವರು ಹತ್ತಿದರು. ಇಲ್ಲದವರ ವಿಷಯದಲ್ಲಿ ಅವರು ಯಾರು ಎಂದು ಇಲ್ಲಿಂದ ಖಾತ್ರಿಯಾಗಬೇಕಿತ್ತು. ಅದಕ್ಕಾಗಿ ಫೋರ್ಟ್ ಬಡಾವಣೆಯ ಒಂದು ಸರ್ಕಾರಿ ಕಚೇರಿ ನಮ್ಮಂಥ ಆಫೀಸುಗಳಿಂದ ಪಟ್ಟಿ ಕೇಳಿತು: ಹೆಸರು, ಊರು, ಪಾಸ್‌ಪೋರ್ಟ್ ನಂಬರು. ನಾವು ಫ್ಲಾಪಿಯಲ್ಲಿ ಹಾಕಿ ಕೊಟ್ಟರೆ ಅವರು ಎಲ್ಲರ ಪಟ್ಟಿಯನ್ನೂ ಸೇರಿಸಿ ಟೆಲೆಕ್ಸಿನಲ್ಲಿ ಜೋರ್ಡಾನಿಗೆ ಕಳಿಸುತ್ತಿದ್ದರು. ಗುಡಾರದಲ್ಲಿದ್ದವನು ಹೇಳಿದ ನಂಬರೂ ಪಟ್ಟಿಯ ನಂಬರೂ ಹೊಂದಿದರೆ ಒಂದು ಕಾಗದ ಕೊಟ್ಟು ವಿಮಾನ ಹತ್ತಿಸುವುದು. ಹೊಂದದಿದ್ದರೆ ಇಲ್ಲ.

ಟೈಪ್ ಮಾಡಿದವಳು ನಾನು. ಮೊದಲ ದಿನ ಮೊದಲ ಹೆಸರು ಭಾವನದ್ದೇ. ನನ್ನ ಕೈ, ನನ್ನ ಮೆಷಿನ್, ಯಾರು ಕೇಳುತ್ತಾರೆ? ಸಿಕ್ಕಿಬಿದ್ದವರ ಮನೆಯವರು ತುಂಬಿಕೊಟ್ಟ ಕಾಗದಗಳನ್ನು ಟೈಪ್ ಮುಗಿದ ಹಾಗೆಲ್ಲ ಗೋಣಿಚೀಲದಲ್ಲಿ ಕಟ್ಟಿ ದಿಲ್ಲಿಗೆ ಕಳಿಸುತ್ತಿದ್ದೆವು. ಇಲ್ಲಿ ಉಳಿದದ್ದು ಮೆಷಿನ್ನಿನ ಒಳಗಿದ್ದದ್ದು ಮಾತ್ರ.

ಒಂದು ಭಾನುವಾರ ಮಲಾಡಿನವರೊಬ್ಬರು ಹುಡುಕಿಕೊಂಡು ಮನೆಗೆ ಬಂದರು. ಹಿಂದಿನ ದಿನವಷ್ಟೇ ವಿಮಾನದಲ್ಲಿ ಬಂದಿಳಿದವರು. ಮುಖದ ಚರ್ಮ ಸುಲಿದಿತ್ತು. ಭಾವ ಗುಡಾರದಲ್ಲಿದ್ದಾರೆ, ಬದುಕಿದ್ದಾರೆ, ಪಾಸ್‌ಪೋರ್ಟ್ ಇಲ್ಲ, ಹೆಸರು ಕರೆಯುವುದನ್ನು ಕಾಯುತ್ತಿದ್ದಾರೆ ಎಂದರು. ಅಕ್ಕ ಅವರಿಗೆ ಕಾಫಿ ಕೊಡುವುದನ್ನೂ ಮರೆತು ಅತ್ತಳು. ಅವರು ಹೋದ ಮೇಲೆ ಅವಳಿಗೆ ಹೊಸ ಹೆದರಿಕೆ ಹಿಡಿಯಿತು.

"ಹೆಸರು ಕರೀತಾರಲ್ಲ? ಕರೆಯದಿದ್ರೆ ಎಂತ ಮಾಡುದು?"

"ಕರೀತಾರೆ ಅಕ್ಕ. ನಾನೇ ಬರ್ದದ್ದು."

"ನೀನು ಬರೀಲಿಕ್ಕೆ ಬ್ರಹ್ಮನಾ? ಅವ್ರ ಜಾತಕ ಒಮ್ಮೆ ತೋರಿಸ್ಬೇಕು. ನನ್ಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗೆ ಆಗ್ತದೆ ಮಾರಾಯ್ತಿ."

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಮೈಸೂರಿನ ಒಬ್ಬರಿದ್ದರು. ಬ್ಯಾಂಕಿನಲ್ಲಿ ಆಫೀಸರು. ಎಲ್ಲರಿಗೂ ಮಾಮ. ಅವರ ಹತ್ತಿರ ಜಾತಕ ಬರೆಯುವ ಫ್ಲಾಪಿ ಇತ್ತು. ಹುಟ್ಟಿದ ದಿನ, ಹೊತ್ತು, ಊರು ಹಾಕಿದರೆ ಕುಂಡಲಿ, ದಶೆ, ಫಲ ಎಲ್ಲ ಪ್ರಿಂಟಾಗಿ ಬರುತ್ತದೆ. ಯಾರಿಂದಲೋ ಯಾರಿಗೋ ಕಾಪಿಯಾಗಿ, ಕೈ ಬದಲಾಗುತ್ತ, ಮದುವೆಗೆ ಬಂದ ಹುಡುಗಿಯರ ತಂದೆಯರೆಲ್ಲ ಬಳಸಿ ಬಳಸಿ, ಕವರು ಹರಿದ ಫ್ಲಾಪಿ ಅದು. ಅಕ್ಕನನ್ನು ಕರೆದುಕೊಂಡು ಅವರ ಬಳಿ ಹೋದೆ.

"ತಗೊಂಡು ಹೋಗಮ್ಮ, ಏನ್ ಯೋಚ್ನೆ ಮಾಡ್ಬೇಡ," ಎಂದರು ಮಾಮ. "ನಾನೇ ಹಾಕ್ಕೊಡ್ತಿದ್ದೆ. ನಮ್ ಬ್ಯಾಂಕಲ್ಲಿ ಹೊರಗಿನ ಫ್ಲಾಪಿ ತರೋ ಹಾಗಿಲ್ಲ ಅಂತ ಸರ್ಕ್ಯುಲರ್ ಬಂದ್ಬಿಟ್ಟಿದೆ. ಅದೇನೋ ವೈರಸ್ಸಂತೆ. ಮೆಷಿನ್ನಿಗೆ ಶೀತ ಆಗತ್ತೆ ಅಂತಾರಪ್ಪ!"

ಮೂವರೂ ನಕ್ಕೆವು. ಆ ಮಾತು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ಮರುದಿನ ಊಟದ ಹೊತ್ತಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದಾಗ ನಾನು ಚಪ್ಪಲಿ ಬಿಟ್ಟು, ಕಾಲೊರೆಸಿ, ಒಳಗೆ ಹೋದೆ. ಫ್ಲಾಪಿ ಹಾಕಿದೆ. ಭಾವ ಹುಟ್ಟಿದ ಹೊತ್ತು ಕೊಟ್ಟೆ. ಪ್ರಿಂಟರ್ ಕಿರ್ರೋ ಎಂದು ಎರಡು ಹಾಳೆ ಉಗುಳಿತು. 'ಪ್ರವಾಸದಿಂದ ಕ್ಷೇಮವಾಗಿ ಹಿಂತಿರುಗುವ ಯೋಗ' ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಅದರಲ್ಲಿತ್ತು. ಅಬ್ಬಾ ಎಂದುಕೊಂಡೆ. ಹೊಟ್ಟೆ ತಣ್ಣಗಾಯಿತು. ಅದೇ ಖುಷಿಯಲ್ಲಿ ಭಾವನ ವಿವರ ತೆಗೆದು, ಇವರು ಈಗ ಗುಡಾರದಲ್ಲಿದ್ದಾರೆ, ಪಾಸ್‌ಪೋರ್ಟ್ ಇಲ್ಲ ಎಂದು ಹೊಸದಾಗಿ ಸೇರಿಸಿದೆ. ಆಮೇಲೆ ಎರಡು ದಿನ ಬೇರೆಯವರ ಹೆಸರು ಹಾಕುತ್ತ ಹೋದೆ. ಫ್ಲಾಪಿಗೆ ತುಂಬಿ ಫೋರ್ಟಿಗೆ ಕಳಿಸಿದೆವು. ಅಕ್ಕ ಜಾತಕದ ಹಾಳೆಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಆ ವಾರ ಅವಳು ಹೊಟ್ಟೆ ತುಂಬ ಉಂಡಳು.

ವಾರ ಕಳೆದ ಮೇಲೆ ಫೋರ್ಟಿನಿಂದ ಫೋನ್ ಬಂತು. ಮ್ಯಾನೇಜರರು ಫೋನಿಟ್ಟು ಕೋಣೆಯ ಬಾಗಿಲಿಗೆ ಬಂದು ನಿಂತರು. ಮಂಗಳೂರಿನವರು, ಸಾಧಾರಣವಾಗಿ ತಮಾಷೆಯ ಮನುಷ್ಯ. ಆ ದಿನ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು.

"ಎಂತ ಮಾರಾಯ್ರೆ ಇದು? ನಾವು ಕಳಿಸಿದ ಲಿಸ್ಟಿನಲ್ಲಿ ನಂಬರೆಲ್ಲ ಹಿಂದೆ ಮುಂದೆ ಉಂಟಂತೆ. ನೀವು ನಿದ್ದೆ ಮಾಡ್ಲಿಕ್ಕೆ ಬರುದಾ?"

ನನಗೆ ಸರ್ರನೆ ಸಿಟ್ಟು ಬಂತು. ಒಂದೊಂದು ನಂಬರನ್ನೂ ಎರಡು ಸಲ ಓದಿ ಹಾಕಿದವಳು ನಾನು. ಅವರ ಎದುರೇ ಪಟ್ಟಿ ತೆಗೆದು ತೋರಿಸಿದೆ. ಎಲ್ಲ ಸರಿಯಿತ್ತು. ಅಂಕಿ ಅಂಕಿಯೂ ಸರಿ. "ಅವರ ಮೆಷಿನ್ ಹಾಳಾಗಿರ್ಬೇಕು ಸಾರ್. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಯಾಕೆ ಬರೆ?" ಎಂದು ಬಿಟ್ಟೆ. ಅವರೂ ತಲೆ ಕೆರೆದುಕೊಂಡರು. ಅದೇ ಪಟ್ಟಿ ತುಂಬಿದ ನಮ್ಮ ಇನ್ನೊಂದು ಫ್ಲಾಪಿಯನ್ನು ಪಕ್ಕದ ಬಿಲ್ಡಿಂಗಿನ ಆಫೀಸಿಗೆ ಒಯ್ದು ಅವರ ಮೆಷಿನ್ನಿಗೆ ಹಾಕಿಸಿದೆವು. ಅಲ್ಲಿ ಅಂಕಿಗಳು ಸ್ಥಾನ ಬದಲಿಸಿ ಕೂತಿದ್ದವು. ಭಾವನ ನಂಬರು ನನಗೆ ಬಾಯಿಪಾಠ. ಪರದೆಯ ಮೇಲೆ ಅದರ ನಡುವಿನ ಎರಡು ಅಂಕಿಗಳು ಅದಲುಬದಲಾಗಿದ್ದವು. ಕೆಡುವುದಾದರೆ ಪೂರ್ತಿ ಕೆಟ್ಟಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಇದು ಸರಿಯಾದ ನಂಬರಿನ ಹಾಗೆಯೇ ಇತ್ತು, ಬೇರೆ ಯಾರದೋ ನಂಬರಿನ ಹಾಗೆ.

ಆ ಪಟ್ಟಿ ಅಷ್ಟರಲ್ಲಿ ಟೆಲೆಕ್ಸಿನಲ್ಲಿ ಹೋಗಿಯಾಗಿತ್ತು.

ಮರುದಿನ ಫೋರ್ಟಿನಿಂದ ಒಬ್ಬ ಅಧಿಕಾರಿ ಬಂದರು. ಕೈಯಲ್ಲಿ ಬ್ರೀಫ್‌ಕೇಸು, ಕಣ್ಣಲ್ಲಿ ನಿದ್ದೆಯಿಲ್ಲ. ಚಹಾ ಬೇಡವೆಂದರು. ಯುದ್ಧ ನಡೆಯುತ್ತಿದೆ, ನಮ್ಮ ಜನ ನಡುವೆ ಸಿಕ್ಕಿಬಿದ್ದಿದ್ದಾರೆ, ಈ ಹೊತ್ತಿನಲ್ಲಿ ದೇಶದ ಜನರ ಪಟ್ಟಿ ಹೀಗಾದರೆ ಅದು ತಪ್ಪೋ, ಯಾರೋ ಬೇಕೆಂದೇ ಮಾಡಿಸಿದ್ದೋ ಎಂದು ನೋಡಬೇಕಾಗುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಗಡಿಯಾಚೆ ಹುಟ್ಟಿ ಬಂದ ವೈರಸ್ಸುಗಳ ಬಗ್ಗೆ ಆಗ ಪೇಪರಿನಲ್ಲಿ ಬರುತ್ತಿತ್ತು. ಯಾರು ಕಳಿಸಿದರು, ಯಾರ ಮೇಲೆ, ಯಾಕೆ, ಒಂದೂ ಯಾರಿಗೂ ತಿಳಿಯದು. ಆಫೀಸಿನಲ್ಲಿ ಆಗಲೇ ಒಬ್ಬೊಬ್ಬರು ಒಂದೊಂದು ದೇಶದ ಹೆಸರು ಹೇಳುತ್ತಿದ್ದರು. ಹೊರಗಿನ ಫ್ಲಾಪಿ ಏನಾದರೂ ಹಾಕಿದ್ದುಂಟೇ ಎಂದು ಕೇಳಲು ಅಧಿಕಾರಿ ನನ್ನ ಕಡೆ ತಿರುಗಿದರು.

"ಬಾಹರ್ ಕಾ ಕೋಯಿ ಫ್ಲಾಪಿ ಡಾಲಾ ಥಾ, ಮೇಡಂ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿ ಪರ್ಸಿನ ಮೇಲೆ ಹೋಯಿತು. ಬಾಯಿ ಮಾತ್ರ "ನಹೀಂ" ಎಂದಿತು.

ನಾಳೆ ನಾಲ್ಕು ಗಂಟೆಗೆ ಜನ ಬಂದು ಮೆಷಿನ್ನಿಗೆ ಸೀಲ್ ಹಾಕಿ ತಪಾಸಣೆಗೆ ಒಯ್ಯುತ್ತಾರೆ ಎಂದು ಹೇಳಿ ಅವರು ಹೋದರು. ಎಷ್ಟು ದಿನಕ್ಕೆ ಎಂದು ಮ್ಯಾನೇಜರರು ಕೇಳಿದ್ದಕ್ಕೆ ಕೈಯಾಡಿಸಿದರು.

ಆ ರಾತ್ರಿ ನಾನು ಮಲಗಿದ್ದೆನೇ ಹೊರತು ನಿದ್ದೆ ಮಾಡಲಿಲ್ಲ. ಮೆಷಿನ್ ಹೋದರೆ ಸರಿಯಾದ ನಂಬರುಗಳೂ ಅದರ ಜೊತೆಗೇ ಹೋಗುತ್ತವೆ. ಸರಿಯಾಗಿ ಕಾಣುವುದು ಅದೊಂದರಲ್ಲಿ ಮಾತ್ರ. ಯಾವ ದೇಶವೂ ನಮ್ಮ ಮೇಲೆ ಕೈ ಮಾಡಿರಲಿಲ್ಲ, ಕದ ತೆಗೆದವಳು ನಾನೇ. ಬಾಯಿ ಮುಚ್ಚಿಕೊಂಡರೆ ಕೆಲಸ ಉಳಿಯುತ್ತದೆ, ಭಾವ ಉಳಿಯುತ್ತಾರೋ ಗೊತ್ತಿಲ್ಲ. ಪಕ್ಕದಲ್ಲಿ ಅಕ್ಕ ಜಾತಕ ನಂಬಿ ಗೊರಕೆ ಹೊಡೆಯುತ್ತಿದ್ದಳು.

ಬೆಳಿಗ್ಗೆ ಹೋದವಳೇ ಫ್ಲಾಪಿಯನ್ನು ಮ್ಯಾನೇಜರರ ಟೇಬಲ್ಲಿನ ಮೇಲಿಟ್ಟು ಎಲ್ಲ ಹೇಳಿದೆ.

"ಜಾತಕವಾ?"

"ಹೌದು ಸಾರ್."

"ಯುದ್ಧದ ಲಿಸ್ಟ್ ಇರುವ ಮೆಷಿನ್ನಿನಲ್ಲಿ ಜಾತಕ! ನಿಮ್ಗೆ ತಲೆ ಉಂಟಾ, ಅಲ್ಲ ಅದನ್ನೂ ಮನೆಯಲ್ಲಿ ದೇವರ ಮುಂದೆ ಇಟ್ಟು ಬಂದಿದ್ದೀರಾ?" ಆಮೇಲೆ ಅವರು ಬೈದದ್ದನ್ನು ಬರೆಯಲಾರೆ. ಪ್ರತಿಯೊಂದು ಮಾತೂ ಸರಿಯಾಗಿತ್ತು. ನಾನು ಅಳಲಿಲ್ಲ, ಅತ್ತರೆ ಇನ್ನೂ ಹೊತ್ತು ಹಾಳು ಎಂದು ಗೊತ್ತಿತ್ತು.

ಬೈಯುತ್ತಲೇ ಅವರು ಮೆಷಿನ್ ಮಾರಿದ ಕಂಪನಿಯ ಇಂಜಿನಿಯರಿಗೆ ಫೋನ್ ಮಾಡಿದ್ದರು. ಇಂಜಿನಿಯರ್ ಬಂದು ಫ್ಲಾಪಿ ನೋಡಿದರು, ಮೆಷಿನ್ ನೋಡಿದರು. ಅವರು ಬಿಡಿಸಿ ಹೇಳಿದ್ದು ಇಷ್ಟು: ಫ್ಲಾಪಿಯಿಂದ ಒಳಗೆ ಬಂದ ವೈರಸ್, ಅಂದಿನಿಂದ ನಾನು ಬರೆದದ್ದನ್ನೆಲ್ಲ ತಿರುಚಿ ಇಡುತ್ತದೆ. ಇದೇ ಮೆಷಿನ್ನಿನಲ್ಲಿ ತೆಗೆದು ನೋಡಿದಾಗ ತಾನೇ ನೆಟ್ಟಗೆ ಮಾಡಿ ತೋರಿಸುತ್ತದೆ. ಬೇರೆ ಕಡೆ ವೈರಸ್ ಇಲ್ಲ, ಹಾಗಾಗಿ ತಿರುಚಿದ್ದು ತಿರುಚಿದ ಹಾಗೇ ಕಾಣುತ್ತದೆ. "ಕ್ಲೀನ್ ಮಾಡ್ಬೇಡಿ, ವೈರಸ್ ಹೋದ್ರೆ ಇಲ್ಲೂ ತಿರುಚಿದ್ದೇ ಉಳಿಯುತ್ತೆ. ಆರಿಸ್ಬೇಡಿ. ಮೊದಲು ಎಲ್ಲ ಪ್ರಿಂಟ್ ತೆಗೀರಿ," ಎಂದರು. ಯಾವ ದಿನ, ಎಷ್ಟು ಹೊತ್ತಿಗೆ ಜಾತಕ ಹಾಕಿದೆ ಎಂದು ಕೇಳಿ ಬರೆದುಕೊಂಡರು. ಕಳಿಸಿದ ಪಟ್ಟಿಯಲ್ಲಿ ಅದಕ್ಕಿಂತ ಮೊದಲು ಬರೆದು ಆಮೇಲೆ ಮುಟ್ಟದ ಹೆಸರುಗಳು ಸರಿ, ಉಳಿದದ್ದೆಲ್ಲ ಕೆಟ್ಟಿದೆ ಎಂದರು.

ಭಾವನ ಹೆಸರು ಮೊದಲ ದಿನ ಬರೆದದ್ದು. ಜಾತಕದ ಖುಷಿಯಲ್ಲಿ ನಾನು ಅದನ್ನು ಮತ್ತೆ ತೆಗೆದು ಮುಟ್ಟದಿದ್ದರೆ ಅದೂ ಸರಿಯಾಗಿಯೇ ಉಳಿಯುತ್ತಿತ್ತು.

ಪ್ರಿಂಟರ್ ಮೂರೂವರೆಗೆ ನಿಂತಿತು. ನಾಲ್ಕಕ್ಕೆ ಅಧಿಕಾರಿಯ ಜನ ಬಂದರು. ಮ್ಯಾನೇಜರರು ಹಾಳೆಯ ಕಟ್ಟನ್ನು ಅವರ ಕೈಗಿಟ್ಟು, ಇದು ನಮ್ಮ ಸ್ಟಾಫಿನ ದಡ್ಡತನ, ಶತ್ರುವಿನ ಕೆಲಸವಲ್ಲ, ಎಂದು ಹೇಳಿ ನನ್ನ ತಲೆ ಉಳಿಸಿದರು. ಕೆಲಸದಿಂದಲೂ ತೆಗೆಯಲಿಲ್ಲ. "ನಿಮ್ಮನ್ನು ತೆಗ್ದು ಹೊಸಬರಿಗೆ ಹೇಳಿಕೊಡ್ಲಿಕ್ಕೆ ನನ್ಗೆ ಪುರುಸೊತ್ತಿಲ್ಲ," ಎಂದರು. ಸರಿಪಡಿಸಿದ ಪಟ್ಟಿ ಹೋಯಿತು. ಆದರೆ ಅಲ್ಲಿ ಗುಡಾರಗಳ ನಡುವೆ ಒಂದು ಮೇಜಿನ ಮೇಲೆ ಹಳೆಯ ಪಟ್ಟಿಯೂ ಇದೆ, ಹೊಸದೂ ಹೋಗುತ್ತದೆ, ಯಾವುದನ್ನು ಯಾವಾಗ ನೋಡುತ್ತಾರೋ ದೇವರೇ ಬಲ್ಲ.

ಅಕ್ಕನಿಗೆ ನಾನು ಹೇಳಲಿಲ್ಲ. ಜಾತಕ ಬೇಕೆಂದವಳು ಅವಳು, ತಿಳಿದರೆ ತನ್ನಿಂದಲೇ ಆಯಿತೆಂದು ಕೊರಗುತ್ತಾಳೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದರ್ಧ ಹೆದರಿಕೆ. ಅವಳು ದಿನವೂ ಮಧ್ಯಾಹ್ನ ಬಸ್ಸು ಹಿಡಿದು ಏರ್‌ಪೋರ್ಟಿಗೆ ಬರುತ್ತಿದ್ದಳು. ನಾನು ಆಫೀಸಿನಿಂದ ಹೋಗಿ ಜೊತೆ ನಿಲ್ಲುತ್ತಿದ್ದೆ. ಬಾಗಿಲು ತೆರೆದಾಗಲೆಲ್ಲ ಗಡ್ಡ ಬೆಳೆದ, ಕೈಯಲ್ಲಿ ಒಂದು ಚೀಲವಷ್ಟೇ ಇದ್ದ ಗಂಡಸರು ಹೊರಗೆ ಬರುತ್ತಿದ್ದರು. ಯಾರ ಯಾರದೋ ಹೆಂಡತಿಯರು ಓಡುತ್ತಿದ್ದರು.

"ಪಾಸ್‌ಪೋರ್ಟ್ ಇಲ್ಲದವ್ರೂ ಬಂದ್ರಂತೆ," ಒಂದು ದಿನ ಕಂಬಿ ಹಿಡಿದು ನಿಂತೇ ಅಕ್ಕ ಹೇಳಿದಳು. "ಇವ್ರ ಹೆಸರು ಯಾಕೆ ಕರೀಲಿಲ್ಲ? ಸತ್ಯ ಹೇಳು, ನಿನ್ಗೆ ಏನಾದ್ರೂ ಗೊತ್ತುಂಟಾ? ಅವ್ರು ಇದ್ದಾರಲ್ಲ?"

"ಇದ್ದಾರೆ. ಬರ್ತಾರೆ."

ಅವಳು ತಿರುಗಿ ನನ್ನ ಮುಖವನ್ನು ಹುಡುಕಿದಳು. ನಾನು ಬಾಗಿಲ ಕಡೆ ನೋಡಿದೆ. ಅವಳ ಊಟ ಮತ್ತೆ ನಿಂತಿತ್ತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹೇಳಿಬಿಡು, ಹೇಳಿಬಿಡು ಎಂದು ದಾದರಿನ ಬ್ರಿಡ್ಜ್ ಹತ್ತುವಾಗ ಪ್ರತಿದಿನ ಅಂದುಕೊಳ್ಳುತ್ತಿದ್ದೆ. ಸಯನ್ ಬರುವಷ್ಟರಲ್ಲಿ ಧೈರ್ಯ ಇಳಿದಿರುತ್ತಿತ್ತು.

ಭಾವ ಬಂದದ್ದು ಒಂದು ಮಧ್ಯಾಹ್ನ. ಮೊದಲು ನಮಗೆ ಗುರುತೇ ಸಿಗಲಿಲ್ಲ. ಅಕ್ಕ ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ನಾನು ಟ್ಯಾಕ್ಸಿ ಕರೆದೆ. ಅವರಿಬ್ಬರೂ ಹಿಂದೆ, ನಾನು ಡ್ರೈವರನ ಪಕ್ಕ, ಭಾವನ ಚೀಲ ನನ್ನ ತೊಡೆಯ ಮೇಲೆ.

ಬಾಂದ್ರಾ ದಾಟುವಾಗ ಭಾವ ಮಾತಾಡಲು ಶುರು ಮಾಡಿದರು. ನೀರಿಗೆ ಸಾಲು, ರೊಟ್ಟಿಗೆ ಸಾಲು. ಆಮೇಲೆ ಒಂದು ದಿನ ಹೆಸರು ಕರೆದರಂತೆ.

"ಓಡಿಕೊಂಡು ಹೋದೆ. ನಂಬರ್ ಹೇಳು ಅಂದ್ರು. ಹೇಳಿದೆ. ಅವ ಪೇಪರ್ ನೋಡಿ, ನೀನು ಅವನಲ್ಲ ಅಂದ. ಬೇರೆಯವನ ಹೆಸ್ರು ಹೇಳಿ ಹತ್ಲಿಕ್ಕೆ ಬಂದಿದ್ದೀಯಾ ಅಂತ ಎಲ್ಲರೆದುರು ಬೈದು ಸಾಲಿನಿಂದ ನೂಕಿದ್ರು. ಮತ್ತೆ ಹತ್ತೊಂಬತ್ತು ದಿನ. ನಾನೇ ನಾನಲ್ಲವೋ ಏನೋ ಅಂತ ಅನ್ನಿಸ್ಲಿಕ್ಕೆ ಶುರುವಾಗಿತ್ತು."

ಅಕ್ಕನ ಉಸಿರು ನನಗೆ ಮುಂದಿನ ಸೀಟಿನಲ್ಲಿ ಕೇಳಿಸಿತು.

"ಅದನ್ನು ತಪ್ಪು ಬರ್ದವ್ರ ಕೈಗೆ ಹುಳ ಬೀಳ್ಲಿ!" ಎಂದಳು. "ನೀನು ಸರಿ ಬರ್ದದ್ದನ್ನು ಯಾವ ಹಾಳಾದವ್ರು ತಪ್ಪು ಮಾಡಿದ್ದು?"

ಟ್ಯಾಕ್ಸಿ ಧಾರಾವಿಯ ಸಿಗ್ನಲ್ಲಿನಲ್ಲಿ ನಿಂತಿತ್ತು. ನಾನು ಹಿಂದೆ ತಿರುಗಲಿಲ್ಲ.

"ನಾನೇ ಅಕ್ಕ," ಎಂದೆ. ಫ್ಲಾಪಿ, ಮೆಷಿನ್, ಪಟ್ಟಿ, ಎಲ್ಲ ಹೇಳಿದೆ. ಸಿಗ್ನಲ್ ಬಿಟ್ಟಿತು, ಮತ್ತೆ ಬಿತ್ತು. ನಾನು ಹೇಳುತ್ತಲೇ ಇದ್ದೆ.

ಭಾವ ನಗಲು ನೋಡಿದರು. "ಹೋಗ್ಲಿ ಬಿಡಿ. ಬಂದೆನಲ್ಲ," ಎಂದರು.

ಅಕ್ಕ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ.

"ನಿನ್ಗೆ ಯಾವಾಗ ಗೊತ್ತಾದ್ದು?" ಎಂದು ಕೇಳಿದಳು.

"ಮೂರು ವಾರ ಆಯ್ತು."

"ಮೂರು ವಾರ ನನ್ನ ಪಕ್ಕ ಮಲಗಿದ್ದಿ," ಎಂದಳು. "ನಾನು ಅವ್ರು ಸತ್ತೇ ಹೋದ್ರು ಅಂತ ತಿಳ್ಕೊಂಡು ಬಾಯಿಗೆ ಸೆರಗು ತುರುಕಿ ಅಳ್ತಾ ಇದ್ದೆ. ನಿನ್ಗೆ ಎಚ್ಚರ ಇತ್ತಾ?"

ಎಚ್ಚರ ಇತ್ತು. ಒಂದೊಂದು ರಾತ್ರಿಯೂ ಇತ್ತು. ಹಾಗೆಂದು ಹೇಳಿದೆ.

ಅವಳು ಮನೆಗೆ ಬಂದು ಮೂರು ತಟ್ಟೆ ಹಾಕಿ ಮೂವರಿಗೂ ಸಮನಾಗಿ ಬಡಿಸಿದಳು. ನನ್ನ ಮದುವೆ ಅವಳೇ ನಿಂತು ಮಾಡಿದಳು, ನನ್ನ ಬಾಣಂತನವನ್ನೂ ಮಾಡಿದಳು. ಒಂದು ದಿನವೂ ಎತ್ತಿ ಆಡಲಿಲ್ಲ. ಆದರೆ ಅದಾದ ಮೇಲೆ ಅವಳಿಗೆ ಏನೇ ಕಷ್ಟ ಬಂದರೂ ಮೂರನೆಯವರ ಬಾಯಿಂದ ನನಗೆ ತಿಳಿಯುತ್ತದೆ. ಹೋಗಿ ಕೇಳಿದರೆ, "ಹೇಳ್ಲಿಕ್ಕೆ ಎಂತ ಉಂಟು," ಎನ್ನುತ್ತಾಳೆ.